ರಾಜ್ಯ ದಾಟುವಾಗ ಬ್ಯಾಗಿನಲ್ಲಿ ಚಾಕು: ಏನು ಒಯ್ಯಬಹುದು, ಹೇಗೆ ಒಯ್ಯಬೇಕು

ನಮ್ಮಮ್ಮನ ಅಡಕತ್ತರಿಗೆ ನನಗಿಂತ ವಯಸ್ಸು ಜಾಸ್ತಿ. ಹಿತ್ತಾಳೆಯ ಹಿಡಿ, ಕಬ್ಬಿಣದ ಅಲಗು, ಸವೆದು ಹೋದ ಎರಡು ಗಿಳಿ. ದೆಹಲಿಯಲ್ಲಿರುವ ತಂಗಿಯ ಮನೆಗೆ ಹೊರಟಾಗ ಅಮ್ಮ ಅದನ್ನು ಎಲೆಅಡಕೆ ಚೀಲದಲ್ಲೇ ಇಟ್ಟುಕೊಂಡಿದ್ದಳು. ಚೀಲ ಅವಳ ಕೈಬ್ಯಾಗಿನಲ್ಲಿತ್ತು. ನಾನೂ ನೋಡಲಿಲ್ಲ.

ವಿಮಾನ ನಿಲ್ದಾಣದ ಸ್ಕ್ಯಾನರ್ ನೋಡಿತು. ಬ್ಯಾಗು ಪಕ್ಕದ ಸಾಲಿಗೆ ಸರಿಯಿತು. ಸಿಬ್ಬಂದಿ ಅಡಕತ್ತರಿಯನ್ನು ಎರಡು ಬೆರಳಿನಲ್ಲಿ ಹಿಡಿದು, "ಯೇ ಕ್ಯಾ ಹೈ ಮಾತಾಜಿ?" ಅಂದರು. ಅಮ್ಮ ಗಾಳಿಯಲ್ಲೇ ಅಡಕೆ ಕತ್ತರಿಸಿ ತೋರಿಸಿದಳು. ಅವರು ನಕ್ಕರು, ಆದರೆ ಬಿಡಲಿಲ್ಲ. ಚೆಕ್-ಇನ್ ಬ್ಯಾಗು ಆಗಲೇ ಹೋಗಿಯಾಗಿತ್ತು. ನಮ್ಮನ್ನು ಬಿಡಲು ಬಂದಿದ್ದ ಭಾವ ಇನ್ನೂ ಪಾರ್ಕಿಂಗಿನಲ್ಲೇ ಇದ್ದರು. ಓಡಿ ಹೋಗಿ ಅವರ ಕೈಗೆ ಕೊಟ್ಟು ಬಂದೆ. ಇಲ್ಲದಿದ್ದರೆ ಆ ಗಿಳಿಗಳು ಅಲ್ಲಿನ ಟ್ರೇಯಲ್ಲೇ ಉಳಿಯುತ್ತಿದ್ದವು.

ತಪ್ಪು ನಮ್ಮದೇ. ಆದರೆ ಅವತ್ತಿನಿಂದ ಈ ವಿಷಯ ತಲೆಗೆ ಹತ್ತಿತು. ಈಳಿಗೆಮಣೆ, ಎಳನೀರು ಮಚ್ಚು, ಟ್ರೆಕ್ಕಿಂಗ್ ಚಾಕು, ಡಾರ್ಜಿಲಿಂಗಿನಲ್ಲಿ ಕೊಂಡ ಖುಕ್ರಿ (ಗೂರ್ಖರ ಬಾಗಿದ ಕತ್ತಿ), ಇವನ್ನೆಲ್ಲ ಜನ ರಾಜ್ಯದಿಂದ ರಾಜ್ಯಕ್ಕೆ ಒಯ್ಯುತ್ತಲೇ ಇರುತ್ತಾರೆ. ಯಾವುದು ಸರಿ, ಯಾವುದು ಕೇಸು? ಕಾನೂನನ್ನು ಓದುತ್ತಾ ಹೋದರೆ ಅದು ಮತ್ತೆ ಮತ್ತೆ ಎರಡೇ ಪ್ರಶ್ನೆ ಕೇಳುತ್ತದೆ. ಇದನ್ನು ಯಾವ ಕೆಲಸಕ್ಕೆ ಅಂತ ಮಾಡಿದ್ದಾರೆ? ಈಗ ಇದು ನಿನ್ನ ಹತ್ತಿರ ಯಾಕಿದೆ? ಈ ಎರಡಕ್ಕೂ ಉತ್ತರವನ್ನು ಬ್ಯಾಗಿನಲ್ಲೇ ತುಂಬಿಕೊಂಡು ಹೊರಡುವುದು ಹೇಗೆ ಅನ್ನುವುದೇ ಈ ಬರಹ.

ಹೆಜ್ಜೆ 1: ಕೈಯಲ್ಲಿರುವುದು ಏನು ಅಂತ ನೋಡಿ

ಚಾಕು-ಚೂರಿಗಳಿಗೂ ಅನ್ವಯಿಸುವ ಮುಖ್ಯ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಹೆಸರು ಕೇಳಿದರೆ ಬಂದೂಕು ನೆನಪಾಗುತ್ತದೆ, ಆದರೆ ಹರಿತವಾದ ಆಯುಧಗಳೂ ಅದರೊಳಗೆ ಬರುತ್ತವೆ. ಅದರ ವ್ಯಾಖ್ಯಾನದ ಸಾರ ಇಷ್ಟು: ಹೊಡೆಯಲು ಅಥವಾ ತಡೆಯಲು ಆಯುಧವಾಗಿ ತಯಾರಾದದ್ದು ಶಸ್ತ್ರ. ಬರೀ ಮನೆಬಳಕೆಗೆ ಅಥವಾ ಬೇಸಾಯಕ್ಕೆ ಅಂತಲೇ ಮಾಡಿದ್ದು ಶಸ್ತ್ರವಲ್ಲ. ಲಾಠಿ ಮತ್ತು ಊರುಗೋಲನ್ನು ಕಾಯ್ದೆಯೇ ಉದಾಹರಣೆಯಾಗಿ ಹೆಸರಿಸಿ ಹೊರಗಿಟ್ಟಿದೆ.

ಹಾಗಾಗಿ ನಮ್ಮ ಈಳಿಗೆಮಣೆ ಶಸ್ತ್ರವಲ್ಲ. ತರಕಾರಿ ಚಾಕು, ಅಡಕತ್ತರಿ, ಕುಡುಗೋಲು ಕೂಡ ಅಲ್ಲ. ಎಳನೀರು ಕೆತ್ತುವ ಮಚ್ಚೂ ಕೆಲಸದ ಸಾಮಾನೇ. ಆದರೆ ಸಿನಿಮಾ ನೋಡಿ ಮಾಡಿಸಿದ ಲಾಂಗು? ಅದರಿಂದ ಯಾರೂ ಬದನೆಕಾಯಿ ಹೆಚ್ಚುವುದಿಲ್ಲ, ಅಲ್ವಾ? ಬಟನ್ ಒತ್ತಿದರೆ ಚಟಕ್ ಅಂತ ತೆರೆಯುವ ಚಾಕು, ಎರಡೂ ಕಡೆ ಹರಿತವಿರುವ ಬಾಕು, ಊರುಗೋಲಿನೊಳಗೆ ಅಡಗಿರುವ ಗುಪ್ತಿ, ಇವನ್ನೆಲ್ಲ ಅಡುಗೆಮನೆಯ ಲೆಕ್ಕಕ್ಕೆ ಸೇರಿಸಲು ಆಗುವುದಿಲ್ಲ. "ಸುಮ್ನೆ ಶೋಗೆ ಇಟ್ಟುಕೊಂಡಿದ್ದೆ" ಅನ್ನುವುದು ಉತ್ತರವೂ ಅಲ್ಲ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಇಬ್ಬರು ಮಚ್ಚು ಹಿಡಿದು ರೀಲ್ಸ್ ಮಾಡಿ ಬಂಧನಕ್ಕೆ ಒಳಗಾದದ್ದು ನೆನಪಿರಬಹುದು. ಅಲ್ಲಿ ಹಾಕಿದ್ದೂ ಇದೇ ಶಸ್ತ್ರಾಸ್ತ್ರ ಕಾಯ್ದೆ.

ಹೆಜ್ಜೆ 2: ಸ್ಕೇಲು ತಗೊಂಡು ಅಲಗನ್ನು ಅಳೆಯಿರಿ

ಹಿಡಿ ಬಿಟ್ಟು ಅಳೆಯಿರಿ. ಹಿಡಿ ಮುಗಿಯುವ ಜಾಗದಿಂದ ತುದಿಯವರೆಗೆ ಉದ್ದ. ಅಲಗು ಅತಿ ಹೆಚ್ಚು ಹರಡಿರುವ ಜಾಗದಲ್ಲಿ ಅಗಲ. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಬಂದೂಕು ಬಿಟ್ಟು ಉಳಿದ ಆಯುಧಗಳಿಗೆ 5ನೇ ವರ್ಗ ಅಂತಿದೆ. ಕತ್ತಿ, ಬಾಕು, ಭರ್ಜಿ, ಯುದ್ಧದ ಕೊಡಲಿ, ಕಿರ್ಪಾನ್ (ಸಿಖ್ಖರು ಧರಿಸುವ ಚೂರಿ) ಮತ್ತು ಖುಕ್ರಿ ಸೇರಿದಂತೆ ಚಾಕುಗಳು, ಎಲ್ಲ ಅಲ್ಲಿವೆ. ಅಳತೆ ಇದು: ಅಲಗು 9 ಇಂಚಿಗಿಂತ ಉದ್ದ, ಅಥವಾ 2 ಇಂಚಿಗಿಂತ ಅಗಲ. ಸೆಂಟಿಮೀಟರಿನಲ್ಲಿ ಹೇಳಿದರೆ ಸುಮಾರು 22.9 ಮತ್ತು 5.1. ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಅಂತ ಮಾಡಿದವನ್ನು ಇಲ್ಲೂ ಹೊರಗಿಟ್ಟಿದ್ದಾರೆ.

ಇಲ್ಲೇ ಜನ ಎಡವುವುದು. "9 ಇಂಚಿನ ಒಳಗಿದ್ದರೆ ಏನೂ ಆಗಲ್ಲ" ಅಂತ ಒಬ್ಬರು ಹೇಳುತ್ತಾರೆ, ಹತ್ತು ಜನ ನಂಬುತ್ತಾರೆ. ಅಳತೆ ಒಂದು ಗೆರೆ ಅಷ್ಟೇ. ಹೋಟೆಲ್ ಅಡುಗೆಯವರ 10 ಇಂಚಿನ ಚಾಕು ಗೆರೆ ದಾಟಿದರೂ ಅಡುಗೆಯ ಸಾಮಾನು. 4 ಇಂಚಿನ ಬಟನ್ ಚಾಕು ಗೆರೆಯೊಳಗಿದ್ದರೂ ದೆಹಲಿಯಲ್ಲಿ ತಲೆನೋವು. ಅಲ್ಲಿ 1980ರ ಅಧಿಸೂಚನೆ ಒಂದಿದೆ. ಬಟನ್, ಸ್ಪ್ರಿಂಗ್, ಗರಾರಿ (ಹಲ್ಲುಗಾಲಿ) ಇರುವ ಚಾಕುಗಳನ್ನು ಅದು ಹೆಸರಿಸುತ್ತದೆ. ಅಳತೆ 7.62 ಸೆಂ.ಮೀ. ಉದ್ದ, 1.72 ಸೆಂ.ಮೀ. ಅಗಲ, ಅಥವಾ ಅದಕ್ಕಿಂತ ಜಾಸ್ತಿ. ಅಂದರೆ ಬರೀ 3 ಇಂಚು! ಇದನ್ನೇ ಹಿಡಿದು ಅಲ್ಲಿನ ಪೊಲೀಸರು ಕೇಸು ಹಾಕುತ್ತಾರೆ. ಕೋರ್ಟಿನಲ್ಲಿ ಆ ಕೇಸು ನಿಲ್ಲುತ್ತದೋ ಬಿಡುತ್ತದೋ, ಅದು ಆಮೇಲಿನ ಮಾತು. ಅಲ್ಲಿಯವರೆಗೆ ಬೆಂಗಳೂರಿನಿಂದ ದೆಹಲಿಗೆ ಅಲೆಯುವವರು ನೀವು.

ದೆಹಲಿಗೆ ಒಂದು, ನಮಗೆ ಒಂದು ಅಂತ ಯಾಕೆ? ಕಾಯ್ದೆಯ 4ನೇ ಸೆಕ್ಷನ್ನಿನಿಂದ. ಇಂಥ ಪ್ರದೇಶದಲ್ಲಿ ಇಂಥ ಹರಿತದ ಆಯುಧ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು ಅಂತ ಅಧಿಸೂಚನೆ ಹೊರಡಿಸಿದರೆ ಮಾತ್ರ ಆ ಸೆಕ್ಷನ್ ಅಲ್ಲಿ ಜಾರಿಗೆ ಬರುತ್ತದೆ. ಬಂದೂಕಿಗೆ ದೇಶವಿಡೀ ಲೈಸೆನ್ಸ್ ಬೇಕು. ಚಾಕುವಿನ ವಿಷಯದಲ್ಲಿ ಊರಿಂದ ಊರಿಗೆ ಲೆಕ್ಕ ಬದಲಾಗುತ್ತದೆ. ಅಧಿಸೂಚನೆ ಇರುವ ಕಡೆ ಸಿಕ್ಕಿಬಿದ್ದರೆ ಜೈಲು ಶಿಕ್ಷೆಯಾಗುವ ಅಪರಾಧ ಅದು, ಸುಮ್ನೆ ದಂಡ ಕಟ್ಟಿ ಬರುವಂಥದ್ದಲ್ಲ.

ಹೆಜ್ಜೆ 3: ಹೋಗುವ ಊರಿನಲ್ಲಿ ಈ ವಾರ ಏನು ನಡೆಯುತ್ತಿದೆ?

ಶಸ್ತ್ರಾಸ್ತ್ರ ಅನ್ನುವುದು ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿದ್ದು. ಪೊಲೀಸ್ ಮತ್ತು ಶಾಂತಿ ಪಾಲನೆ ರಾಜ್ಯದ ಪಟ್ಟಿಯಲ್ಲಿವೆ. ಹಾಗಾಗಿ ಮೂಲ ಕಾಯ್ದೆ ಎಲ್ಲ ಕಡೆ ಒಂದೇ ಆದರೂ ಅದರ ಮೇಲೆ ಆಯಾ ರಾಜ್ಯದ ಆದೇಶಗಳು ಬಂದು ಕೂರುತ್ತವೆ. ಮಹಾರಾಷ್ಟ್ರದಲ್ಲಿ 1951ರ ಪೊಲೀಸ್ ಕಾಯ್ದೆಯ 37ನೇ ಸೆಕ್ಷನ್ ಅಡಿ ಕಮಿಷನರ್ ಅಥವಾ ಜಿಲ್ಲಾಧಿಕಾರಿ ಕತ್ತಿ, ಚಾಕು, ದೊಣ್ಣೆ ಹಿಡಿದು ಓಡಾಡುವುದನ್ನು ನಿಷೇಧಿಸಬಹುದು. ಹಬ್ಬ, ಮೆರವಣಿಗೆ, ಬಂದ್ ಬಂದರೆ ಇಂಥ ಆದೇಶ ಹೊರಡುವುದು ಮಾಮೂಲು. ಗುಜರಾತಿನಲ್ಲೂ ಹೀಗೇ. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಇದೇ ಥರದ ಅಧಿಕಾರವಿದೆ. ನಾವು ಹಿಂದೆ "144 ಹಾಕಿದ್ದಾರೆ" ಅನ್ನುತ್ತಿದ್ದೆವಲ್ಲ, ಅದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಜನರ ಬಾಯಲ್ಲಿ ಇನ್ನೂ 144 ಅಂತಲೇ ಇದೆ.

ಗಣೇಶನ ಹಬ್ಬದ ವಾರ ಪುಣೆಗೆ ಹೋಗುತ್ತಿದ್ದೀರಾ? ಚುನಾವಣೆ ಘೋಷಣೆಯಾದ ರಾಜ್ಯಕ್ಕೆ ಕಾರಿನಲ್ಲಿ ಹೊರಟಿದ್ದೀರಾ? ಹೊರಡುವ ಮುಂಚೆ ಆ ನಗರದ ಪೊಲೀಸರ ಪ್ರಕಟಣೆ ಒಮ್ಮೆ ನೋಡಿ. ಹತ್ತು ನಿಮಿಷದ ಕೆಲಸ.

ಚುನಾವಣೆ ಅಂದಾಗ ಒಂದು ರಾತ್ರಿ ನೆನಪಾಗುತ್ತದೆ. ತೋಟದಿಂದ ಎಳನೀರು ತುಂಬಿಕೊಂಡು ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗುತ್ತಿದ್ದೆವು. ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿದರು. ಟಾರ್ಚಿನ ಬೆಳಕು ನೇರ ಹೋಗಿ ಬಿದ್ದದ್ದು ಮಚ್ಚಿನ ಮೇಲೆ. "ಏನ್ರೀ ಇದು?" ಅಂದರು. ಬಾಯಿ ತೆರೆಯುವಷ್ಟರಲ್ಲಿ ಬೆಳಕು ಪಕ್ಕಕ್ಕೆ ಸರಿಯಿತು. ಅಲ್ಲಿ ಎರಡು ಗೊನೆ ಎಳನೀರು, ಗೋಣಿಚೀಲ, ಮಣ್ಣು ಮೆತ್ತಿದ ಗುದ್ದಲಿ. "ಹೋಗಿ" ಅಂದರು. ಅದೇ ಮಚ್ಚು ಡ್ರೈವರ್ ಸೀಟಿನ ಕೆಳಗೆ ಇದ್ದಿದ್ದರೆ? ಕಬ್ಬಿಣ ಅದೇ, ಹಿಡಿ ಅದೇ. ಕಥೆ ಮಾತ್ರ ಬೇರೆಯಾಗುತ್ತಿತ್ತು.

ಆ ಕಥೆಗೆ ಕಾನೂನಿನಲ್ಲಿ ಜಾಗವೂ ಇದೆ. ಶಸ್ತ್ರಾಸ್ತ್ರ ಕಾಯ್ದೆಯ 20ನೇ ಸೆಕ್ಷನ್ ಪ್ರಯಾಣಿಕರು ಓದಲೇಬೇಕಾದದ್ದು. ಲೈಸೆನ್ಸ್ ಇರಲಿ ಬಿಡಲಿ, ಕೆಟ್ಟ ಉದ್ದೇಶದ ಅನುಮಾನ ಬರುವ ರೀತಿಯಲ್ಲಿ ಆಯುಧ ಸಾಗಿಸುತ್ತಿದ್ದರೆ ವಾರಂಟ್ ಇಲ್ಲದೆ ಹಿಡಿಯಬಹುದು. ಹಿಡಿಯುವ ಅಧಿಕಾರ ಪೊಲೀಸರಿಗೆ ಮಾತ್ರವಲ್ಲ, ರೈಲು, ವಿಮಾನ, ಹಡಗು, ವಾಹನಗಳಲ್ಲಿ ಕೆಲಸ ಮಾಡುವವರಿಗೂ ಇದೆ. ಏನಿಟ್ಟುಕೊಂಡಿದ್ದೀರಿ ಅನ್ನುವಷ್ಟೇ ಎಲ್ಲಿ ಇಟ್ಟುಕೊಂಡಿದ್ದೀರಿ ಅನ್ನುವುದೂ ಮುಖ್ಯವಾಗುವುದು ಇಲ್ಲಿ.

ಹೆಜ್ಜೆ 4: ಯಾವುದರಲ್ಲಿ ಹೋಗುತ್ತೀರಿ?

ವಿಮಾನದ ನಿಯಮ ಬಹಳ ಸರಳ. ಕ್ಯಾಬಿನ್ ಬ್ಯಾಗಿನಲ್ಲಿ ಚಾಕು ಬೇಡ. ಚಿಕ್ಕದು, ದೊಡ್ಡದು, ಮಡಚುವುದು, ಕೀಚೈನಿನಲ್ಲಿ ನೇತಾಡುವುದು, ಯಾವುದೂ ಬೇಡ. ಸ್ಕ್ರೂಡ್ರೈವರ್, ಕಾರ್ಕ್ ತೆಗೆಯುವ ಸುರುಳಿ, ಚಾಕು ಎಲ್ಲ ಒಂದರಲ್ಲೇ ಇರುವ ಸ್ವಿಸ್ ಚಾಕು ಕೂಡ ಬೇಡ. ಅಡುಗೆ ಚಾಕು, ಕ್ಯಾಂಪಿಂಗ್ ಚಾಕು ಎಲ್ಲ ಚೆಕ್-ಇನ್ ಬ್ಯಾಗಿಗೆ, ಒರೆ ಹಾಕಿ, ಸುತ್ತಿ. ಒಂದು ಮಾತು ಮರೆಯಬೇಡಿ. ಚೆಕ್-ಇನ್‌ನಲ್ಲಿ ಬಿಟ್ಟರು ಅಂದ ಮಾತ್ರಕ್ಕೆ ಇಳಿಯುವ ಊರಿನಲ್ಲೂ ಅದು ಸರಿ ಅಂತ ಅಲ್ಲ. ವಿಮಾನದವರು ನೋಡುವುದು ವಿಮಾನದ ಸುರಕ್ಷತೆಯನ್ನು. ದೆಹಲಿಯ 3 ಇಂಚಿನ ಲೆಕ್ಕ ಅವರ ಕೆಲಸವಲ್ಲ.

ಕೈಬ್ಯಾಗು ಮಾತ್ರ ಹಿಡಿದು ಹೋಗುವವರು ಹಿಂದಿನ ರಾತ್ರಿ ಎಲ್ಲ ಜೇಬಿಗೂ ಕೈ ಹಾಕಿ ನೋಡಿ. ಹಳೆಯ ಟ್ರೆಕ್ಕಿಂಗ್ ಬ್ಯಾಗಿನ ಪಕ್ಕದ ಜೇಬು, ಶೇವಿಂಗ್ ಡಬ್ಬಿ, ಮಕ್ಕಳ ಕಂಪಾಸ್ ಪೆಟ್ಟಿಗೆ, ಮತ್ತೆ ಅಮ್ಮಂದಿರ ಎಲೆಅಡಕೆ ಚೀಲ. ನಮ್ಮಮ್ಮ ಈಗ ಹೊರಡುವ ಹಿಂದಿನ ರಾತ್ರಿಯೇ ಅಡಕೆ ಕತ್ತರಿಸಿ ಡಬ್ಬಿಗೆ ತುಂಬಿಕೊಳ್ಳುತ್ತಾಳೆ.

ರೈಲಿನಲ್ಲಿ ಇಷ್ಟು ಬಿಗಿ ಇಲ್ಲ. ಊಟದ ಬುತ್ತಿಯ ಜೊತೆ ಮಾವಿನಹಣ್ಣು ಹೆಚ್ಚಲು ಚಾಕು ಇಟ್ಟುಕೊಂಡು ಹೋಗುವ ಸಂಸಾರಗಳನ್ನು ಎಷ್ಟು ನೋಡಿಲ್ಲ! ಆದರೆ ದೊಡ್ಡ ಸ್ಟೇಷನ್ನುಗಳಲ್ಲಿ ಎಕ್ಸ್-ರೇ ಯಂತ್ರವಿದೆ, ರೈಲ್ವೆ ರಕ್ಷಣಾ ಪಡೆಯವರು ಕೇಳುತ್ತಾರೆ. ದೊಡ್ಡ ಬ್ಯಾಗಿನ ತಳದಲ್ಲಿ, ಪಾತ್ರೆಗಳ ನಡುವೆ ಇರಲಿ. ಬರ್ತಿನಲ್ಲಿ ಕೂತು ಅದನ್ನು ತೆಗೆದು ತಿರುಗಿಸುತ್ತಾ ಆಡುವ ಹುಡುಗರಿಗೆ ಮನೆಯಲ್ಲೇ ಬುದ್ಧಿ ಹೇಳಿ.

ಮೆಟ್ರೋದಲ್ಲಿ ಮಾತ್ರ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ರೈಲಿನಲ್ಲಿ ಏನೂ ತೊಂದರೆಯಾಗಲಿಲ್ಲ ಅಂತ ಮೆಜೆಸ್ಟಿಕ್‌ನಲ್ಲಿ ಇಳಿದು, ಅದೇ ಬ್ಯಾಗು ಹೊತ್ತು ನಮ್ಮ ಮೆಟ್ರೋ ಮೆಟ್ಟಿಲು ಇಳಿಯುತ್ತಾರೆ. ಅಲ್ಲಿ ಸ್ಕ್ಯಾನರ್ ಇದೆ, ಹರಿತದ ಸಾಮಾನು ಬಿಡುವುದಿಲ್ಲ. ದೆಹಲಿಯಲ್ಲೂ ಇದೇ ಪಾಡು. ಈಳಿಗೆಮಣೆ ತಂದ ದಿನ ಆಟೋ ಹಿಡಿಯಿರಿ.

ಬಸ್ಸಿನಲ್ಲಿ ಸಾಮಾನಿನ ಡಿಕ್ಕಿಗೆ ಹಾಕಿ, ಸೀಟಿನ ಹತ್ತಿರ ಬೇಡ. ತಿರುಪತಿಗೆ ಹೋಗುವವರಿಗೆ ಬೆಟ್ಟದ ಬುಡದ ಅಲಿಪಿರಿಯಲ್ಲಿ ಇಳಿಸಿ ಲಗೇಜು ತಪಾಸಣೆ ಮಾಡುತ್ತಾರೆ ಅನ್ನುವುದು ಗೊತ್ತೇ ಇದೆ. ಚಾಕುವನ್ನು ಕೆಳಗಿನ ವಸತಿಯಲ್ಲೇ ಬಿಟ್ಟು ಬೆಟ್ಟ ಹತ್ತುವುದು ವಾಸಿ.

ಹೆಜ್ಜೆ 5: ದಾರಿಯಲ್ಲಿ ಕಾಡು ಸಿಗುತ್ತದಾ?

ಇದನ್ನು ಬಹುತೇಕ ಯಾರೂ ಯೋಚಿಸುವುದಿಲ್ಲ. ಆದರೆ ನಮ್ಮ ಕಡೆಯಿಂದ ಪಕ್ಕದ ರಾಜ್ಯಕ್ಕೆ ಹೋಗುವ ಒಳ್ಳೊಳ್ಳೆ ದಾರಿಗಳೆಲ್ಲ ಕಾಡಿನೊಳಗೇ ಹೋಗುತ್ತವೆ. ಮೈಸೂರಿನಿಂದ ಊಟಿಗೆ ಬಂಡೀಪುರ, ಮುದುಮಲೈ. ವಯನಾಡಿಗೆ ಬಂಡೀಪುರ, ಮುತ್ತಂಗ. ಬೆಳಗಾವಿ ಕಡೆಯಿಂದ ಗೋವಾಕ್ಕೆ ಮೊಲ್ಲೆಂ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದು ಅನ್ವಯ. ಈಗ ಆ ಕಾಯ್ದೆ "ಆಯುಧ" ಅಂದರೆ ಏನೇನು ಅನ್ನುತ್ತದೆ ನೋಡಿ: ಬಂದೂಕು, ಬಿಲ್ಲು ಬಾಣ, ಬಲೆ, ಉರುಲು, ಕೊಕ್ಕೆ, ವಿಷ, ಜೊತೆಗೆ ಚಾಕು. ಶಸ್ತ್ರಾಸ್ತ್ರ ಕಾಯ್ದೆಯಲ್ಲಿದ್ದ "ಮನೆಬಳಕೆಯದಾದರೆ ಬಿಟ್ಟೆ" ಅನ್ನುವ ಮಾತು ಈ ವ್ಯಾಖ್ಯಾನದಲ್ಲಿ ಇಲ್ಲ. 9 ಇಂಚು, 2 ಇಂಚು ಅನ್ನುವ ಗೆರೆಯೂ ಇಲ್ಲ.

ಹೆದ್ದಾರಿಯಲ್ಲಿ ಸಂಸಾರ ಸಮೇತ ಹೋಗುವ ಕಾರಿನ ಡಿಕ್ಕಿಯಲ್ಲಿ ಪಾತ್ರೆ-ಪಗಡೆಯ ಜೊತೆ ಒಂದು ತರಕಾರಿ ಚಾಕು ಇದ್ದರೆ ಅರಣ್ಯ ಸಿಬ್ಬಂದಿ ದೊಡ್ಡದು ಮಾಡುವುದನ್ನು ನಾನಂತೂ ಕಂಡಿಲ್ಲ. ಆದರೆ ಮಚ್ಚು, ಹಗ್ಗ, ಹೆಡ್‌ಲ್ಯಾಂಪು, ಮೂರು ಜನ ಗಂಡಸರು, ರಾತ್ರಿ ಎಂಟೂವರೆ? ಕಾಡಿನ ಚೆಕ್‌ಪೋಸ್ಟಿನವರಿಗೆ ಅದು ಬೇಟೆಯ ಲೆಕ್ಕ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದೂ ಇಲ್ಲ. ಕ್ಯಾಂಪಿಂಗ್ ಸಾಮಾನು ಇದ್ದರೆ ಹಗಲಲ್ಲೇ ದಾಟಿ, ಗಾಡಿ ನಿಲ್ಲಿಸಿ ಇಳಿಯಬೇಡಿ. ಸಫಾರಿಗೆ ಹೋಗುವಾಗ ಜೇಬಿನ ಚಾಕುವನ್ನು ರೂಮಿನಲ್ಲೇ ಬಿಡಿ. ಟ್ರೆಕ್ಕಿಂಗ್ ಹೋಗುವವರು ಅನುಮತಿ ಪಡೆಯುವಾಗಲೇ ಚಾಕುವಿನ ವಿಷಯ ಕೇಳಿ ಇಟ್ಟುಕೊಳ್ಳಿ.

ಕೊಡವರಿಗೆ, ಸಿಖ್ಖರಿಗೆ ಬೇರೆ ಲೆಕ್ಕ

ಕೊಡವರ ಪೀಚೆಕತ್ತಿ, ಒಡಿಕತ್ತಿ ನೋಡಿದವರು "ಅವರಿಗೆ ಹೇಗೆ ನಡೆಯುತ್ತದೆ?" ಅಂತ ಕೇಳುತ್ತಾರೆ. ಮದುಮಗನ ಕುಪ್ಯದ (ನಿಲುವಂಗಿಯ) ಮೇಲೆ ಕೆಂಪು ಚೇಲೆ (ನಡುಕಟ್ಟು), ಮುಂದೆ ಸೊಂಟಕ್ಕೆ ಬೆಳ್ಳಿ ಕಟ್ಟಿದ ಪೀಚೆಕತ್ತಿ, ಹಿಂದೆ ತೋಡಂಗಿನಲ್ಲಿ (ಕತ್ತಿ ಸಿಕ್ಕಿಸುವ ಕೊಕ್ಕೆಯಲ್ಲಿ) ಬಾಗಿದ ಒಡಿಕತ್ತಿ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯದ ಜಮೀನು ಇರುವವರಿಗೆ) ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಇದು ಲೈಸೆನ್ಸಿನ ವಿನಾಯಿತಿ. ವಿಮಾನದ ಕ್ಯಾಬಿನ್ ನಿಯಮಕ್ಕೂ ಕಾಡಿನ ಕಾಯ್ದೆಗೂ ಇದಕ್ಕೂ ಸಂಬಂಧವಿಲ್ಲ. ಮುಂಬೈಯಲ್ಲಿ ಮದುವೆ ಅಂತ ಪೀಚೆಕತ್ತಿ ಒಯ್ಯುವವರು ಚೆಕ್-ಇನ್ ಬ್ಯಾಗಿನಲ್ಲೇ ಇಡಬೇಕು. ಮದುವೆಯ ಕರೆಯೋಲೆಯ ಒಂದು ಪ್ರತಿ, ವಿನಾಯಿತಿಯ ದಾಖಲೆ ಜೊತೆಗಿದ್ದರೆ ಒಳ್ಳೆಯದು.

ಸಿಖ್ಖರ ಕಿರ್ಪಾನ್‌ಗೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ರಕ್ಷಣೆ ಇದೆ. ವಿಮಾನದೊಳಗೂ ಬಿಡುತ್ತಾರೆ, ಆದರೆ ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು. ಬೀದರಿನ ಗುರುನಾನಕ್ ಝೀರಾ ಗುರುದ್ವಾರಕ್ಕೋ ಅಮೃತಸರಕ್ಕೋ ಹೋಗಿ ನೆನಪಿಗೆ ಅಂತ ಕಿರ್ಪಾನ್ ಕೊಳ್ಳುವ ಬೇರೆಯವರಿಗೆ ಈ ವಿನಾಯಿತಿ ಸಿಗುವುದಿಲ್ಲ. ಡಾರ್ಜಿಲಿಂಗಿನ ಖುಕ್ರಿಗೂ ಅಷ್ಟೇ. ನೆನಪಿಗೆ ಬೇಕಾದರೆ ಅಂಗೈಯಷ್ಟಿರುವ ಪುಟ್ಟದನ್ನು ಕೊಳ್ಳಿ, ಬಿಲ್ಲು ಹಾಕಿಸಿಕೊಳ್ಳಿ. ನಿಜವಾದ ಖುಕ್ರಿಯ ಅಲಗು 9 ಇಂಚನ್ನು ಸುಲಭವಾಗಿ ದಾಟುತ್ತದೆ.

ಹೆಜ್ಜೆ 6: ಕಟ್ಟುವ ಕ್ರಮ

ಈಳಿಗೆಮಣೆಯನ್ನೇ ತೆಗೆದುಕೊಳ್ಳೋಣ, ಅದನ್ನು ಕಟ್ಟಲು ಬಂದರೆ ಉಳಿದವೆಲ್ಲ ಸುಲಭ. ಮಡಚುವಂಥದ್ದಾದರೆ ಮೊದಲು ಅಲಗನ್ನು ಮಣೆಯ ಮೇಲೆ ಮಲಗಿಸಿ. ದಪ್ಪ ರಟ್ಟನ್ನು ಎರಡು ಮಡಿಕೆ ಮಾಡಿ ಅಲಗಿನ ಬಾಯಿಗೆ ಒರೆಯ ಹಾಗೆ ತೊಡಿಸಿ. ಮೇಲೆ ತೆಂಗಿನಕಾಯಿ ತುರಿಯುವ ಹಲ್ಲು ಇದ್ದರೆ ಅದಕ್ಕೆ ಬೇರೆ ರಟ್ಟು. ಗಟ್ಟಿಯಾಗಿ ಟೇಪು ಸುತ್ತಿ, ಹಳೆಯ ಟವೆಲಿನಲ್ಲಿ ಕಟ್ಟಿ, ಲಟ್ಟಣಿಗೆ, ಸೌಟುಗಳ ಜೊತೆ ಬ್ಯಾಗಿನ ನಡುವೆ ಇಡಿ. ಬ್ಯಾಗಿಗೆ ಬೀಗ ಹಾಕಿ.

ಟೇಪು ಸುತ್ತುವುದು ಯಾರದೋ ಕೈ ಕುಯ್ಯದಿರಲಿ ಅಂತ ಮಾತ್ರವಲ್ಲ. ಬಿಚ್ಚಲು ಐದು ನಿಮಿಷ ಬೇಕಾಗುವ ಸಾಮಾನನ್ನು ಜಗಳಕ್ಕೆ ಅಂತ ತಂದಿದ್ದಾರೆ ಅಂತ ಯಾರೂ ಹೇಳಲಾರರು. ಹೊಸ ಚಾಕುವಾದರೆ ಅಂಗಡಿಯ ಪ್ಯಾಕು ಒಡೆಯಬೇಡಿ, ಬಿಲ್ಲನ್ನು ಪ್ಯಾಕಿಗೇ ಅಂಟಿಸಿ. ಅಡುಗೆ ಭಟ್ಟರು, ಮಾಂಸದಂಗಡಿಯವರು, ತೋಟದ ಕೆಲಸದವರು ಕೆಲಸದ ಗುರುತಿನ ಚೀಟಿಯನ್ನೋ ಕೆಲಸಕ್ಕೆ ಕರೆದವರ ಮೆಸೇಜನ್ನೋ ಫೋನಿನಲ್ಲಿ ಇಟ್ಟುಕೊಂಡಿರಿ. ಆಯುಧಪೂಜೆಗೆ ಊರಿಗೆ ಒಯ್ದು ಕುಂಕುಮ ಹಚ್ಚಿಸಿಕೊಂಡು ವಾಪಸ್ ತರುವವರು ಆ ಕುಂಕುಮವನ್ನು ಒರೆಸಿಯೇ ಕಟ್ಟಿ. ಅಲಗಿನ ಮೇಲೆ ಕೆಂಪು ಕಲೆ ಇದ್ದರೆ ಚೆಕ್‌ಪೋಸ್ಟಿನಲ್ಲಿ ಸುಮ್ನೆ ಹತ್ತು ನಿಮಿಷ ಜಾಸ್ತಿ.

"ಸ್ವಂತ ರಕ್ಷಣೆಗೆ" ಅಂತ ಸೊಂಟದಲ್ಲೋ ಕೈಚೀಲದಲ್ಲೋ ಚಾಕು ಇಟ್ಟುಕೊಂಡು ಪ್ರಯಾಣ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಆ ಉತ್ತರ ಕೊಟ್ಟ ತಕ್ಷಣ ಅದು ಆಯುಧ ಅಂತ ನೀವೇ ಒಪ್ಪಿಕೊಂಡ ಹಾಗೆ. ಅಡುಗೆಯ ಸಾಮಾನು ಅನ್ನುವ ದಾರಿ ಅಲ್ಲಿಗೆ ಮುಚ್ಚಿತು.

ಹೆಜ್ಜೆ 7: ತಡೆದು ಕೇಳಿದರೆ

ಬ್ಯಾಗು ತೆರೆಯುವ ಮುಂಚೆಯೇ "ಒಳಗೆ ಅಡುಗೆ ಚಾಕು ಇದೆ, ಸುತ್ತಿಟ್ಟಿದ್ದೇನೆ" ಅಂತ ಹೇಳಿಬಿಡಿ. ನೀವಾಗಿ ಕೈ ಹಾಕಿ ಹೊರತೆಗೆಯಬೇಡಿ, ಅವರೇ ತೆಗೆಯಲಿ. ಎಲ್ಲಿಂದ, ಎಲ್ಲಿಗೆ, ಯಾಕೆ, ಇಷ್ಟಕ್ಕೆ ಚಿಕ್ಕ ಉತ್ತರ ಸಾಕು. ಜೊತೆಗಿರುವ ಎಲ್ಲರೂ ಒಟ್ಟಿಗೆ ಮಾತಾಡಬೇಡಿ. ಭಾಷೆ ಬಾರದ ರಾಜ್ಯವಾದರೆ ಬಿಲ್ಲು, ಟಿಕೆಟ್ಟು ತೋರಿಸಿ.

ವಶಪಡಿಸಿಕೊಂಡರೆ ಕಾಗದ ಕೇಳಿ. ಮಹಜರಿನಲ್ಲಿ ಅಲಗಿನ ಉದ್ದ, ಅಗಲ, ಯಾವ ಥರದ ಚಾಕು, ಬ್ಯಾಗಿನಲ್ಲಿ ಎಲ್ಲಿತ್ತು, ಹೇಗೆ ಸುತ್ತಿತ್ತು ಅನ್ನುವುದೆಲ್ಲ ಬರೆದಿದ್ದಾರಾ ಓದಿ. ಓದದೆ ಸಹಿ ಬೇಡ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕು, ಅದನ್ನು ವಿನಯದಿಂದ ನೆನಪಿಸಬಹುದು. ಬಂಧಿಸಿದರೆ ಕಾರಣ ಹೇಳಬೇಕು, ನೀವು ಹೇಳಿದ ಒಬ್ಬರಿಗೆ ವಿಷಯ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರು ಬೇಕಾಗುವುದು ಆ ಊರಿನವರೇ. ಅಲ್ಲಿ ಯಾವ ಅಧಿಸೂಚನೆ ಜಾರಿಯಲ್ಲಿದೆ ಅನ್ನುವುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅವರ ಕೈಗೆ ಮೊದಲು ಕೊಡಬೇಕಾದದ್ದು ಮಹಜರಿನ ಪ್ರತಿ ಮತ್ತು ಆ ಚಾಕುವಿನ ಬಿಲ್ಲು.